ದೆವ್ವವಿಲ್ಲದ ಮಹಲು

ಮಾಳಮಡ್ಡಿ, ಧಾರವಾಡ

ಚಿ. ಶ್ರುತಿಗೆ ಅವ್ವನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ. ರೂಮಿನವರೆಲ್ಲ ಸೇರಿ ಹಳೇ ಹಿಂದಿ ಸಿನಿಮಾ ‘ಮಹಲ್’ ನೋಡಿದೆವು, ಕೊನೆಗೆ ನೋಡಿದರೆ ದೆವ್ವವೇ ಇಲ್ಲ, ಇದಕ್ಕಾ ನೀನು ಅಷ್ಟು ಅಂಜುತ್ತಿದ್ದದ್ದು ಅಂತ ಕೇಳಿದೆ. ನಿನಗೆ ಆಫೀಸಿಗೆ ಹೊತ್ತಾಗಿತ್ತು, ಉತ್ತರ ಅರ್ಧಕ್ಕೇ ನಿಂತಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಹೌದು, ಆ ಸಿನಿಮಾ ಕಂಡರೆ ನನಗೆ ಇವತ್ತಿಗೂ ಅಂಜಿಕೆ. ದೆವ್ವ ಇಲ್ಲ ಅಂತ ಗೊತ್ತಿದ್ದೂ ಅಂಜಿಕೆ. ದೆವ್ವ ಇದ್ದಿದ್ದರೆ ಬಹುಶಃ ಇಷ್ಟು ಅಂಜುತ್ತಿರಲಿಲ್ಲ.

ಮೊದಲು ಹಾಡಿನ ವಿಷಯ ಹೇಳುತ್ತೇನೆ. ಸಿನಿಮಾ ನೋಡುವುದಕ್ಕಿಂತ ಎಷ್ಟೋ ವರ್ಷ ಮೊದಲೇ ಆ ಹಾಡು ನನ್ನ ಕಿವಿಗೆ ಬಿದ್ದಿತ್ತು. ಗದಗಿನ ನಮ್ಮ ಮನೆಯ ಪಡಸಾಲೆಯಲ್ಲಿ, ಗೋಡೆಯ ಗೂಡಿನಲ್ಲಿ ರೇಡಿಯೊ ಇರುತ್ತಿತ್ತು. ‘ಆಯೇಗಾ ಆನೇವಾಲಾ’ ಶುರುವಾದರೆ ನಿಮ್ಮ ಆಯಿ ಅಡುಗೆಮನೆಯಿಂದಲೇ ಕೂಗುತ್ತಿದ್ದಳು, “ದೀಪಾ ಹಚ್ಚೂ ಹೊತ್ತಿನ್ಯಾಗ ಆ ಹಾಡು ಬ್ಯಾಡವ್ವಾ, ಸಣ್ಣದು ಮಾಡು.” ಆಯಿಗೆ ಹಿಂದಿ ಬರುತ್ತಿರಲಿಲ್ಲ. ಆ ಹಾಡು ಯಾರದು, ಯಾಕೆ ಹಾಡುತ್ತಾರೆ, ಅದೂ ಗೊತ್ತಿರಲಿಲ್ಲ. ಬರೀ ದನಿ ಕೇಳಿಯೇ ಅದು ಸಂಜೆಗೆ ಬೇಡದ ಹಾಡು ಅಂತ ಅವಳಿಗೆ ಅನಿಸಿತ್ತು.

ಯಾಕೆ ಅನಿಸಿತು ಅಂತ ನಾನು ಬಹಳ ಯೋಚಿಸಿದ್ದೇನೆ. ಹಾಡಿನ ಆ ಶುರುವಾತು ಕೇಳು. ತಾಳ ಇನ್ನೂ ಬಂದಿರುವುದಿಲ್ಲ. ದನಿ ಒಂದೇ ನಿಧಾನವಾಗಿ ಎಳೆದುಕೊಂಡು ಬರುತ್ತದೆ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ ಅವರ ಹಾಡು ಕೇಳುತ್ತ ಬೆಳೆದ ಈ ಸೀಮೆಯವರಿಗೆ ಆಲಾಪ ಹೊಸದೇನಲ್ಲ. ತಬಲಾ ಶುರುವಾಗುವ ತನಕ ಮುಂದಿನ ಸ್ವರ ಯಾವಾಗ ಬರುತ್ತದೆ ಅಂತ ಬೆರಳು ಎಣಿಸಲು ಆಗುವುದಿಲ್ಲ. ಕಾಯಬೇಕು. ಕುಂದಗೋಳದ ನಾಡಗೀರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿನ ಸಂಗೀತೋತ್ಸವಕ್ಕೆ ನಿನ್ನನ್ನೂ ಕರೆದುಕೊಂಡು ಹೋಗಿದ್ದೆವಲ್ಲ, ಅಲ್ಲಿ ಕಂಬದ ಮರೆಯಲ್ಲಿ ಕೂತರೆ ಹಾಡುವವರು ಕಾಣುವುದೇ ಇಲ್ಲ. ಆದರೂ ಅಂಜಿಕೆ ಆಗುವುದಿಲ್ಲ. ಪಕ್ಕದಲ್ಲಿ ಯಾರೋ ತಲೆ ತೂಗುತ್ತಿರುತ್ತಾರೆ, ಯಾರೋ ಚಹಾ ಕೊಡುತ್ತಾರೆ. ಆ ಕಾಯುವುದರಲ್ಲೇ ಸುಖ ಇದೆ. ‘ಮಹಲ್’ನಲ್ಲಿ ಅದೇ ವಾಡೆ, ಅದೇ ರಾತ್ರಿ, ಅದೇ ಆಲಾಪ. ಜನ ಮಾತ್ರ ಇಲ್ಲ. ಹಾಡುವವಳು ಎಲ್ಲಿದ್ದಾಳೋ ಗೊತ್ತಿಲ್ಲ. ಗಡಿಯಾರ ಎರಡು ಹೊಡೆದಿದೆ.

ಆ ಹಾಡಿಗೆ ಸಂಗೀತ ಕೊಟ್ಟವರು ಖೇಮಚಂದ್ ಪ್ರಕಾಶ್. ಸಿನಿಮಾ ಬಂದದ್ದು 1949ರಲ್ಲಿ. ಮರುವರ್ಷವೇ ಅವರು ತೀರಿಕೊಂಡರು. ಲತಾ ಮಂಗೇಶ್ಕರ್ ಅವರಿಗೆ ಆಗ ಇಪ್ಪತ್ತರ ಆಸುಪಾಸು. ರೆಕಾರ್ಡಿಂಗ್ ಮಾಡುವಾಗ ಅವರನ್ನು ಮೈಕಿನಿಂದ ದೂರ ನಿಲ್ಲಿಸಿ, ಹಾಡುತ್ತ ಹಾಡುತ್ತ ಹತ್ತಿರ ನಡೆದು ಬರಲು ಹೇಳಿದ್ದರಂತೆ. ಇದನ್ನು ಲತಾ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಅಂದರೆ ನಾವು ಕೇಳುವ ಆ ದೂರ ಸುಳ್ಳಲ್ಲ. ನಿಜವಾಗಿಯೂ ಒಬ್ಬ ಹುಡುಗಿ ಹಾಡುತ್ತ ಕೋಣೆ ದಾಟಿ ಬಂದಿದ್ದಾಳೆ. ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ಕೇಳಿ ನೋಡು. ದನಿ ಜೋರಾಯಿತು ಅನಿಸುವುದಿಲ್ಲ, ಹತ್ತಿರ ಬಂತು ಅನಿಸುತ್ತದೆ. ಎರಡಕ್ಕೂ ಬಹಳ ಫರಕು ಇದೆ.

ಇನ್ನೊಂದು ವಿಷಯ. ಆಗ ಗ್ರಾಮೊಫೋನ್ ರೆಕಾರ್ಡಿನ ಮೇಲೆ ಹಾಡಿದವರ ಹೆಸರು ಲತಾ ಅಂತ ಇರಲಿಲ್ಲ, ಕಾಮಿನಿ ಅಂತ ಇತ್ತು. ಪಾತ್ರದ ಹೆಸರನ್ನೇ ಅಚ್ಚು ಹಾಕುವ ರೂಢಿ ಆಗ ಇತ್ತು. ಯಾರು ಇವಳು, ಯಾರು ಹಾಡಿದ್ದು ಅಂತ ಕೇಳಿ ರೇಡಿಯೊದವರಿಗೆ ಕೇಳುಗರ ಪತ್ರಗಳು ಬಂದವು. ಜನ ಮೊದಲು ಕಾಮಿನಿಯ ದನಿ ಕೇಳಿದರು. ಆ ದನಿಯ ಹಿಂದೆ ಬೇರೆ ಹೆಸರಿನ ಒಬ್ಬ ಹುಡುಗಿ ಇದ್ದಾಳೆ ಅಂತ ಆಮೇಲೆ ತಿಳಿಯಿತು. ಸಿನಿಮಾದ ಕತೆಯೂ ಸರಿಯಾಗಿ ಇದೇ ದಾರಿ ಹಿಡಿಯುತ್ತದೆ. ನನಗೆ ಇದು ಮೊದಲ ಸಲ ಹೊಳೆದಾಗ ಮೈ ಜುಮ್ಮೆಂದಿತ್ತು.

ಈಗ ಸಿನಿಮಾಕ್ಕೆ ಬರುತ್ತೇನೆ. ಬಾಂಬೆ ಟಾಕೀಸಿನ ಚಿತ್ರ. ಕಮಾಲ್ ಅಮ್ರೋಹಿ ನಿರ್ದೇಶಿಸಿದ ಮೊದಲ ಚಿತ್ರ. ಕಾಮಿನಿಯಾದ ಮಧುಬಾಲಾಗೆ ಆಗ ಬರೀ 16 ವರ್ಷ! ಕ್ಯಾಮೆರಾ ಹಿಡಿದವರು ಜೋಸೆಫ್ ವಿರ್ಶಿಂಗ್ ಅಂತ, ಜರ್ಮನಿಯಿಂದ ಬಂದು ಇಲ್ಲೇ ಉಳಿದವರು. ನೀನು ಫೋಟೊ ತೆಗೆಯುವವಳು, ಅವರ ಕೆಲಸ ಸರಿಯಾಗಿ ನೋಡು. ಈಗಿನ ಸಿನಿಮಾಗಳಲ್ಲಿ ರಾತ್ರಿ ಅಂದರೆ ಎಲ್ಲದಕ್ಕೂ ನೀಲಿ ಬಳಿದಿರುತ್ತಾರೆ, ಮೂಲೆ ಮೂಲೆಯೂ ಕಾಣುತ್ತದೆ. ಇವರ ರಾತ್ರಿ ಕಪ್ಪೆಂದರೆ ಕಪ್ಪು. ಮುಖದ ಒಂದು ಕಡೆ ಬೆಳಕು, ಇನ್ನೊಂದು ಕಡೆ ಏನೂ ಇಲ್ಲ. ಕಣ್ಣು ತಾನಾಗಿಯೇ ಆ ಕತ್ತಲಿಗೆ ಹೋಗುತ್ತದೆ, ಅಲ್ಲಿ ಏನೋ ಇದೆ ಅಂತ ಹುಡುಕುತ್ತದೆ. ಅಲ್ಲಿ ಏನೂ ಇರುವುದಿಲ್ಲ. ಹುಡುಕುವುದನ್ನು ಮಾತ್ರ ನಿಲ್ಲಿಸಲು ಆಗುವುದಿಲ್ಲ. ಎಡಿಟಿಂಗ್ ಬಿಮಲ್ ರಾಯ್ ಅವರದು. ಅವರೇ 1958ರಲ್ಲಿ ‘ಮಧುಮತಿ’ ಮಾಡಿದರು. ಅಲ್ಲಿಯೂ ಪುನರ್ಜನ್ಮ, ಹಳೇ ಮನೆ. ಅದು ಚಂದದ ಸಿನಿಮಾ. ಅಂಜಿಕೆ ಮಾತ್ರ ‘ಮಹಲ್’ನದೇ ಜಾಸ್ತಿ.

ಕತೆಯ ನಾಯಕ ಶಂಕರ ಆ ಮಹಲಿಗೆ ಬಂದ ಮೊದಲ ರಾತ್ರಿ ನೆನಪಿದೆಯಲ್ಲ? ಮಾಲಿ ಕತೆ ಹೇಳುತ್ತಾನೆ. ಮಹಲು ಕಟ್ಟಿಸಿದವನು ರಾತ್ರಿ ದೋಣಿಯಲ್ಲಿ ಬಂದು ಕಾಮಿನಿಯನ್ನು ನೋಡಿ ಬೆಳಗಾಗುವ ಮೊದಲು ಹೋಗುತ್ತಿದ್ದ. ಒಂದು ರಾತ್ರಿ ದೋಣಿ ಮುಳುಗಿತು. ಮತ್ತೆ ಬರುತ್ತೇನೆ ಅಂತ ಹೇಳಿ ಸತ್ತ. ಆಮೇಲೆ ಅವಳೂ ನೀರುಪಾಲಾದಳು. ಇಷ್ಟು ಕೇಳಿ ಒಳಗೆ ಹೋದರೆ ಗೋಡೆಯ ಮೇಲಿನ ಪಟ ಕೆಳಗೆ ಬೀಳುತ್ತದೆ. ಸತ್ತವನ ಮುಖ ನೋಡಿದರೆ ಶಂಕರನದೇ ಮುಖ.

ನನ್ನ ಅಂಜಿಕೆ ಶುರುವಾಗುವುದು ಇಲ್ಲಿಂದ. ಬೇರೆ ಯಾರಾದರೂ ಆಗಿದ್ದರೆ ಬೆಳಗಾಗುವುದರೊಳಗೆ ಗಾಡಿ ಕಟ್ಟಿಸಿಕೊಂಡು ಊರು ಬಿಡುತ್ತಿದ್ದರು. ಶಂಕರನಿಗೆ ಒಳಗೊಳಗೇ ಖುಷಿಯಾಗುತ್ತದೆ. ಅಶೋಕ್ ಕುಮಾರ್ ಅವರ ಕಣ್ಣು ನೋಡು ಅಲ್ಲಿ. ತಾನು ಎಲ್ಲರ ಹಾಗೆ ಸುಮ್ನೆ ಒಬ್ಬ ಮನುಷ್ಯ ಅಲ್ಲ, ದೊಡ್ಡ ಪ್ರೀತಿಯ ಕತೆಯೊಂದರ ಉಳಿದ ಅರ್ಧ ತಾನು ಅಂತ ಅವನಿಗೆ ಅನಿಸಿದೆ. ಬೇರೆ ಕತೆಗಳಲ್ಲಿ ದೆವ್ವ ಬೆನ್ನು ಹತ್ತುತ್ತದೆ, ಮನುಷ್ಯ ಓಡುತ್ತಾನೆ. ಇಲ್ಲಿ ಮನುಷ್ಯನೇ ಬೆನ್ನು ಹತ್ತಿದ್ದಾನೆ. ಗೆಳೆಯ ಶ್ರೀನಾಥ ಎಷ್ಟು ಬಡಿದುಕೊಂಡರೂ ಕೇಳುವುದಿಲ್ಲ. ಸತ್ತರೆ ಮಾತ್ರ ನಾವಿಬ್ಬರೂ ಸೇರಬಹುದು ಅಂತ ಕಾಮಿನಿ ಹೇಳಿದರೆ ಅದಕ್ಕೂ ಅವನು ತಯಾರು.

ಜೋಕಾಲಿಯ ದೃಶ್ಯವನ್ನು ನೀನು ಹೇಗೆ ನೋಡಿದೆಯೋ ಗೊತ್ತಿಲ್ಲ. ನಮ್ಮ ಕಡೆಯವರಿಗೆ ಜೋಕಾಲಿ ಅಂದರೆ ಪಂಚಮಿ. ತವರಿಗೆ ಬಂದ ಹೆಣ್ಣುಮಕ್ಕಳು, ಉಂಡಿ, ಅಳ್ಳು, ಮರಕ್ಕೆ ಕಟ್ಟಿದ ದಪ್ಪ ಹಗ್ಗ, ನೂಕುವವರ ಗದ್ದಲ, ಇನ್ನೂ ಮ್ಯಾಲ ಇನ್ನೂ ಮ್ಯಾಲ ಅನ್ನುವ ಕೂಗು. ಜೋಕಾಲಿ ಯಾವತ್ತೂ ಒಬ್ಬರದಾಗಿರುವುದಿಲ್ಲ. ಅಂಥದ್ದರಲ್ಲಿ ನಡುರಾತ್ರಿ, ನೂಕುವವರಿಲ್ಲದೆ, ಒಬ್ಬಳೇ ತೂಗಿಕೊಳ್ಳುತ್ತ ಹಾಡುವ ಹುಡುಗಿ. ಅವಳು ಹಲ್ಲು ಕಿರಿಯುವುದಿಲ್ಲ, ಕಣ್ಣು ಕೆಂಪು ಮಾಡುವುದಿಲ್ಲ, ಎದುರಿಗೆ ಧಡ್ ಅಂತ ಬಂದು ನಿಲ್ಲುವುದಿಲ್ಲ. ಹೆಣ್ಣುಮಕ್ಕಳು ನಕ್ಕು ನಲಿಯುವ ಜಾಗದಲ್ಲಿ ಒಬ್ಬಳೇ ಇದ್ದಾಳೆ, ಅಷ್ಟೇ. ನನಗೆ ಅದು ಸಾಕು.

ಈಗ ರಂಜನಾಳ ವಿಷಯ. ಫೋನಿನಲ್ಲಿ ನೀನು ಅವಳ ಹೆಸರೇ ಎತ್ತಲಿಲ್ಲ. ಈ ಸಿನಿಮಾದ ಬಗ್ಗೆ ಮಾತಾಡುವವರು ಬಹಳ ಜನ ಎತ್ತುವುದಿಲ್ಲ. ಆದರೆ ಈ ವಯಸ್ಸಿನಲ್ಲಿ, ನಿನ್ನಂಥ ಮಗಳಿರುವಾಗ, ನನ್ನನ್ನು ನಿಜವಾಗಿ ಅಂಜಿಸುವವಳು ಅವಳೇ.

ಶಂಕರನ ತಲೆ ಕೆಟ್ಟಿದೆ ಅಂತ ಗೊತ್ತಾದ ಕೂಡಲೇ ಮನೆಯವರು ಅವನಿಗೆ ಮದುವೆ ಮಾಡುತ್ತಾರೆ. ಈ ಮಾತನ್ನು ನಮ್ಮ ಓಣಿಗಳಲ್ಲೂ ಕೇಳಿದ್ದೇನೆ. “ಒಂದು ಲಗ್ನಾ ಮಾಡ್ರಿ, ಎಲ್ಲಾ ಸರಿ ಹೋಗ್ತದ.” ಆ ಸರಿ ಮಾಡುವ ಕೆಲಸ ಯಾರ ಮಗಳ ತಲೆಗೆ ಬೀಳುತ್ತದೆ ಅಂತ ಕೇಳುವವರು ಕಡಿಮೆ. ಇಲ್ಲಿ ಅದು ರಂಜನಾಳ ತಲೆಗೆ ಬಿತ್ತು. ಕಾಮಿನಿಯನ್ನು ಮರೆಯಬೇಕು ಅಂತ ಅವನು ಹೆಂಡತಿಯನ್ನು ಕರೆದುಕೊಂಡು ಜನವೇ ಇಲ್ಲದ ದೂರದ ಜಾಗಕ್ಕೆ ಹೋಗುತ್ತಾನೆ. ಸುತ್ತ ಹಾವು, ಬಾವಲಿ. ಅಲ್ಲಿಯೂ ಗಡಿಯಾರ ಎರಡು ಹೊಡೆದರೆ ಅವನ ಮನಸ್ಸು ಮಹಲಿಗೆ ಓಡುತ್ತದೆ. ಅವಳು ಎದುರಿಗೇ ಇದ್ದಾಳೆ, ಎದುರಿಗೇ ಓಡಾಡುತ್ತಾಳೆ, ಅವನ ಕಣ್ಣಿಗೆ ಬೀಳುವುದಿಲ್ಲ. ಇಲ್ಲದ ಕಾಮಿನಿ ಅವನಿಗೆ ಕಾಣುತ್ತಾಳೆ, ಇರುವ ರಂಜನಾ ಕಾಣುವುದಿಲ್ಲ. ಬದುಕಿರುವಾಗಲೇ ಅವಳನ್ನು ದೆವ್ವ ಮಾಡಿಬಿಟ್ಟಿದ್ದಾನೆ. ತನ್ನವರಿಗೆ ಅವಳು ಪತ್ರ ಬರೆಯುತ್ತಾಳೆ. ಆ ಕಾಡಿನಲ್ಲಿ ಅವಳ ಮಾತಿಗೆ ಇದ್ದ ದಾರಿ ಅದೊಂದೇ.

ಕೊನೆಗೆ ವಿಷ ಕುಡಿದು, ಗಂಡನೇ ಕೊಟ್ಟ ಅಂತ ಪೊಲೀಸರ ಮುಂದೆ ಹೇಳಿ ಸಾಯುತ್ತಾಳೆ. ಸುಳ್ಳು ಹೇಳಿದಳು, ನಿಜ. ಆದರೆ ನನಗೆ ಅವಳ ಮೇಲೆ ಸಿಟ್ಟು ಬರುವುದಿಲ್ಲ. ಬದುಕಿದ್ದಾಗ ಅವಳ ಒಂದು ಮಾತನ್ನೂ ಕೇಳದವರು ಸಾಯುವಾಗ ಕೇಳಿದರು. ಹೇಳಿದ್ದನ್ನು ಬರೆದುಕೊಂಡರು, ಕೋರ್ಟಿನಲ್ಲಿ ಓದಿದರು, ಅವನಿಗೆ ಗಲ್ಲು ಶಿಕ್ಷೆ ಆಯಿತು. ಈ ಭಾಗ ಬಂದಾಗ ನಾನು ಟಿವಿ ಆರಿಸಿ ಎದ್ದು ಹೋದದ್ದೂ ಇದೆ.

ನಿನ್ನ ದೂರು ಕೋರ್ಟಿನ ದೃಶ್ಯದ ಮೇಲೆ. ಮಾಲಿಯ ಮಗಳು ಆಶಾ ಮುಸುಕು ತೆಗೆದು ನಾನೇ ಕಾಮಿನಿ ಅಂದಳು, ಅಲ್ಲಿಗೆ ದೆವ್ವ ಹೋಯಿತು, ಸಿನಿಮಾ ತಣ್ಣಗಾಯಿತು ಅಂದೆ. ಹಾಗಾದರೆ ಎರಡು ವಿಷಯ ನನಗೆ ಹೇಳು. ಒಂದು, ಆ ಪಟ. ಹುಡುಗಿ ಯಾರು ಅಂತ ಕೋರ್ಟಿಗೆ ತಿಳಿಯಿತು. ಸತ್ತವನ ಮುಖ ಶಂಕರನ ಮುಖ ಯಾಕೆ ಆಗಿತ್ತು ಅಂತ ಯಾರೂ ಹೇಳಲಿಲ್ಲ. ಎಲ್ಲ ಬಾಗಿಲು ಮುಚ್ಚಿ ಅದೊಂದನ್ನು ತೆರೆದೇ ಬಿಟ್ಟಿದ್ದಾರೆ. ಇನ್ನೊಂದು, ಸುಳ್ಳು ಅಂತ ಗೊತ್ತಾದ ಮೇಲೆ ಶಂಕರ ಎಚ್ಚರಾಗಬೇಕಿತ್ತು. ಆದನೇ? ರಂಜನಾಳ ಪತ್ರ ಸಿಕ್ಕಿ ಗಲ್ಲು ತಪ್ಪಿತು. ಅಷ್ಟರಲ್ಲಿ ಅವನೇ ಹೇಳಿದ್ದ ಹಾಗೆ ಶ್ರೀನಾಥನ ಜತೆ ಆಶಾಳ ಮದುವೆ ಆಗಿತ್ತು. ಶಂಕರ ಬರುವುದು ತಡವಾಯಿತು. ಬಂದು ಕೂತಲ್ಲೇ ಸತ್ತ. ಮಾಲಿ ಹೇಳಿದ ಹಳೇ ಕತೆಯಲ್ಲಿ ಏನಾಗಿತ್ತೋ ಕೊನೆಗೆ ಅದೇ ಆಯಿತು. ದೆವ್ವ ಸುಳ್ಳಾಯಿತು, ದೆವ್ವ ಹೇಳಿದ್ದು ಸುಳ್ಳಾಗಲಿಲ್ಲ. ಇದರಲ್ಲಿ ತಣ್ಣಗಾಗುವುದು ಏನಿದೆ?

ಆಶಾಳ ಬಗ್ಗೆಯೂ ಯೋಚಿಸು. ಖಾಲಿ ಮಹಲಿನಲ್ಲಿ, ಅಪ್ಪ ಹೇಳುವ ಅದೊಂದು ಕತೆ ಕೇಳುತ್ತ ಬೆಳೆದ ಹುಡುಗಿ. ಆ ಕತೆಯ ಒಳಗೆ ಹೋಗಿ ಕೂತುಬಿಟ್ಟಳು. ಒಂದು ದಿನ ಪಟದಲ್ಲಿದ್ದ ಮುಖವೇ ಬಾಗಿಲಲ್ಲಿ ಬಂದು ನಿಂತಿತು. ಅವಳಿಗೆ ಆ ಹೊತ್ತು ಹೇಗಾಗಿರಬೇಕು! ಶಂಕರ ಮಹಲಿಗೆ ಬಂದು ಅಂಜಿದ ಅಂತ ನಾವು ತಿಳಿಯುತ್ತೇವೆ. ಮೊದಲು ಅಂಜಿದವಳು ಅವಳೇ ಇರಬೇಕು ಅಂತ ನನಗೆ ಈಗೀಗ ಅನಿಸುತ್ತದೆ. ಸಿನಿಮಾ ಅದನ್ನು ತೋರಿಸುವುದಿಲ್ಲ. ತೋರಿಸಬೇಕಿತ್ತು.

ಇನ್ನೊಮ್ಮೆ ನೋಡು, ಶ್ರುತಿ. ಈ ಸಲ ಒಬ್ಬಳೇ ನೋಡು, ಫೋನು ದೂರ ಇಟ್ಟು ನೋಡು. ಎರಡೂವರೆ ಗಂಟೆಗಿಂತ ಉದ್ದದ ಸಿನಿಮಾ, ನಡುವೆ ನಿಧಾನ ಆಗುತ್ತದೆ, ತಡೆದುಕೋ. ರಂಜನಾ ಬಂದ ಮೇಲೆ ಕಾಮಿನಿಯನ್ನು ಮರೆತು ಅವಳನ್ನೇ ನೋಡು. ಆಮೇಲೆ ನನಗೆ ಒಂದು ಮಾತಿಗೆ ಉತ್ತರ ಬರೆ. ಕೋರ್ಟಿನಲ್ಲಿ ಆಶಾ ನಿಜ ಹೇಳಿದ್ದು ಶಂಕರನನ್ನು ಉಳಿಸಲಿಕ್ಕೋ, ಅಥವಾ ಕಾಮಿನಿಯಾಗಿ ಇದ್ದು ಇದ್ದು ಅವಳಿಗೇ ಸಾಕಾಗಿತ್ತೋ? ನಿಮ್ಮ ಅಪ್ಪ ಮೊದಲನೆಯದು ಅಂತಾರೆ. ನಾನು ಒಪ್ಪಿಲ್ಲ. ನಿನ್ನೆ ರಾತ್ರಿ ಊಟದ ಹೊತ್ತಿನಲ್ಲೂ ಇದೇ ವಾದ ನಡೆದಿತ್ತು. ನೀನು ಯಾರ ಕಡೆ ಅಂತ ಇಬ್ಬರೂ ಕಾಯುತ್ತಿದ್ದೇವೆ.

ನಿನ್ನ,
ಅವ್ವ