ಮಕ್ಕಳ ತೂಕವನ್ನು ತರಗತಿಯಲ್ಲಿ ಕೂಗದಿರಿ

ಮಾನ್ಯ ಸಂಪಾದಕರೇ,

ಐದನೇ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳ ತೂಕವನ್ನು ಆರೋಗ್ಯ ತಪಾಸಣೆಯ ದಿನ ಸಹಪಾಠಿಗಳೆದುರು ಗಟ್ಟಿಯಾಗಿ ಓದಿ ಹೇಳಿದಂದಿನಿಂದ, ಅವಳು ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿ ತರುತ್ತಿದ್ದಾಳೆ. ಕನ್ನಡಿಯ ಮುಂದೆ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುತ್ತಾಳೆ. ಯುಗಾದಿಗೆ ಬಂದ ನೆಂಟರು ‘ಡುಮ್ಮಿ’ ಎಂದು ಕರೆದದ್ದು ಪ್ರೀತಿಯಿಂದಲೇ ಇರಬಹುದು, ಆದರೆ ಅವಳು ಅಂದು ಒಬ್ಬಟ್ಟು ಮುಟ್ಟಲಿಲ್ಲ. ಹರೆಯಕ್ಕೆ ಕಾಲಿಡುವ ಹೆಣ್ಣುಮಕ್ಕಳಲ್ಲಿ ಮೈ ತುಂಬಿಕೊಳ್ಳುವುದು ಸಹಜ. 5ರಿಂದ 18 ವರ್ಷದವರಿಗಾಗಿ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2015ರಲ್ಲಿ ಪರಿಷ್ಕರಿಸಿದ ಬೆಳವಣಿಗೆ ನಕ್ಷೆಯಲ್ಲಿ ವಯಸ್ಸು, ಎತ್ತರಗಳನ್ನು ಕೂಡಿಸಿ ನೋಡದೆ, ಬರಿಯ ಕಿಲೊ ಲೆಕ್ಕದಿಂದ ಏನನ್ನೂ ನಿರ್ಧರಿಸಲಾಗದು. ಶಾಲೆಗಳು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ತೂಕ ನೋಡಿ, ವಿವರವನ್ನು ಮುಚ್ಚಿದ ಲಕೋಟೆಯಲ್ಲಿ ಪೋಷಕರಿಗೆ ಮಾತ್ರ ತಲುಪಿಸುವಂತೆ ಶಿಕ್ಷಣ ಇಲಾಖೆ ಆದೇಶ ಹೊರಡಿಸಬೇಕು.

– ಒಬ್ಬ ತಾಯಿ, ಮೈಸೂರು