ಮುಂಡಪ್ಪ ನೆಡುವ ಮೊದಲು

ಹಿರಿಯಡ್ಕ

ಚಿರಂಜೀವಿ ಪ್ರಸನ್ನನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಗುಡ್ಡೆ ಜಾಗದಲ್ಲಿ ಮುಂಡಪ್ಪ, ಕಾಲಾಪಾಡಿ ಮಾವು ಹಾಕುವ ವಿಚಾರ ಬರೆದದ್ದು ಓದಿ ಸಂತೋಷವಾಯಿತು. ಆದರೆ ಕಾಗದದ ತುಂಬ ತಳಿಯ ಮಾತೇ ಇದೆ, ಬೇರಿನ ಮಾತೇ ಇಲ್ಲ. ಹಣ್ಣಿನ ರುಚಿ ಮೇಲೆ ಕಟ್ಟುವ ಕಸಿಕಡ್ಡಿಯದ್ದು, ಸರಿ. ಮುರಕಲ್ಲಿನ ಗುಡ್ಡೆಯಲ್ಲಿ ಏಪ್ರಿಲ್-ಮೇ ಬಿಸಿಲು ದಾಟಬೇಕಾದದ್ದು ಮಾತ್ರ ಅಡಿಯ ಬೇರು.

ನರ್ಸರಿಯ ಎತ್ತರದ ಗಿಡ ನೋಡಿ ಆಸೆಪಡಬೇಡ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬಹಳ ಕಾಲ ನಿಂತ ಗಿಡದ ತಾಯಿಬೇರು ತಳಕ್ಕೆ ತಾಗಿ ಸುರುಳಿ ಸುತ್ತಿರುತ್ತದೆ. ಅಂಥದ್ದು ಕಲ್ಲಿನ ಸಂದು ಹುಡುಕಿ ಆಳಕ್ಕೆ ಇಳಿಯುವುದು ಕಷ್ಟ. ನೀರಿನ ಅನುಕೂಲವಿಲ್ಲದ ಜಾಗಕ್ಕೆ ಹೊಂಡದಲ್ಲೇ ಗೊರಟು ಬಿತ್ತಿ, ಅಲ್ಲೇ ಕಸಿ ಕಟ್ಟುವುದೇ ಸರಿ. ಒಂದು ವರ್ಷ ತಡವಾದರೆ ಆಗಲಿ.

ಗೊರಟು ಕಾಟುಮಾವಿನದೇ, ಅಂದರೆ ಕಾಡುಮಾವಿನದೇ ಇರಲಿ. ಯಾರೂ ನೀರು ಹೊಯ್ಯದೆ ಗುಡ್ಡೆಯಲ್ಲೇ ಮುದಿಯಾದ ಮರ ಹುಡುಕು. ಬಪ್ಪಕಾಯಿ, ಓಲೂರು ತಳಿಯ ಮಾವು ಸಿಕ್ಕಿದರೆ ಇನ್ನೂ ಒಳ್ಳೆಯದು. ಅವುಗಳ ಒಂದೇ ಗೊರಟಿನಿಂದ ಹಲವು ಮೊಳಕೆ ಬರುತ್ತವೆ, ಹೆಚ್ಚಿನವು ತಾಯಿಮರದ ಗುಣದವೇ. ಹಾಗಾಗಿ ತೋಟದ ಮರಗಳು ಒಂದೇ ಸಮ ಬೆಳೆಯುತ್ತವೆ. ಮೊಳಕೆಗಳಲ್ಲಿ ಬೇರೆಯಾಗಿ ಕಾಣುವುದನ್ನು ಕಿತ್ತುಬಿಡು. ಗೊಜ್ಜಿಗೆ ಬೇಯಿಸಿದ ಹಣ್ಣಿನ ಗೊರಟು ಆಗದು, ಮನೆಯಲ್ಲಿ ಮೊದಲೇ ಹೇಳಿಡು. ತಿರುಳು ತೊಳೆದು, ನೀರಲ್ಲಿ ತೇಲಿದ್ದನ್ನು ಎಸೆದು, ಉಳಿದದ್ದನ್ನು ನೆರಳಲ್ಲಿ ಆರಿಸಿ ಬೇಗ ಬಿತ್ತಬೇಕು. ತಿಂಗಳುಗಟ್ಟಲೆ ಇಟ್ಟ ಗೊರಟು ಮೊಳೆಯುವುದಿಲ್ಲ.

ಮರುವರ್ಷ ಸಸಿ ಪೆನ್ಸಿಲ್ ದಪ್ಪವಾಗಿ, ತಾಮ್ರದ ಬಣ್ಣದ ಚಿಗುರು ಬಂದಾಗ ಕಟ್ಟು. ಸಸಿಯ ತುದಿ ಕತ್ತರಿಸಿ, ನಡುವೆ ಸೀಳಿ, ಆಣಿಯ ಹಾಗೆ ಕೆತ್ತಿದ ಕಡ್ಡಿಯನ್ನು ಇಳಿಸುವಾಗ ಒಂದು ಬದಿಯಲ್ಲಾದರೂ ಸಿಪ್ಪೆಗೆ ಸಿಪ್ಪೆ ಕೂಡಲೇಬೇಕು. ಪಟ್ಟಿ ಬಿಗಿದು ಮೇಲೊಂದು ಐಸ್‌ಕ್ಯಾಂಡಿ ತೊಟ್ಟೆ ಮುಚ್ಚು. ಮಳೆನೀರು ಸೀಳಿಗೆ ಇಳಿಯುವುದಿಲ್ಲ, ಕಡ್ಡಿಯೂ ಒಣಗುವುದಿಲ್ಲ. ಕಸಿಯ ಕೆಳಗೆ ಬರುವ ಚಿಗುರನ್ನು ಕಂಡಕೂಡಲೇ ಚಿವುಟು. ಬಿಟ್ಟರೆ ಕೊನೆಗೆ ಉಳಿಯುವುದು ಕಾಟುಮಾವೇ.

ಚಿಕ್ಕುವಿಗೆ ಖಿರಣಿ ಮರದ ಬೇರಿನ ಕಸಿಯನ್ನೇ ಕೇಳಿ ತೆಗೆದುಕೋ. ಕರಿಮೆಣಸಿಗೆ ಬ್ರೆಜಿಲ್ ಹಿಪ್ಪಲಿಯ ಬೇರಿನ ಕಸಿ ಹಾಕುವುದಾದರೆ ಬೇಸಿಗೆಯಲ್ಲೂ ತೇವ ಇರುವ ಅಡಿಕೆ ತೋಟಕ್ಕೆ ಮಾತ್ರ. ಬುಡ ಕೊಳೆಯುವ ರೋಗವನ್ನು ಅದು ತಡೆಯುತ್ತದೆ, ಒಣಗನ್ನು ತಡೆಯುವುದಿಲ್ಲ.

ಮುಂಡಪ್ಪದ ಕಡ್ಡಿ ನಮ್ಮ ಮರದ್ದೇ ಕೊಡುತ್ತೇನೆ. ಕಟ್ಟುವ ಹತ್ತು ದಿನ ಮೊದಲು ಫೋನ್ ಮಾಡು. ತೊಟ್ಟು ಉಳಿಸಿ ಎಲೆ ಸವರಿ ಇಟ್ಟರೆ ನೀನು ಬರುವಾಗ ಮೊಗ್ಗು ಉಬ್ಬಿರುತ್ತದೆ.

ನಿನ್ನ ದೊಡ್ಡಪ್ಪ