ಹಂದಿ ಸಾಕಣೆಗೆ ಜೋಡಿ ಬೇಲಿಯ ನೆರವು ಬೇಕು

ಮಾನ್ಯರೇ,

ಕಾರವಾರ, ಅಂಕೋಲಾ ಕಡೆ ಹಂದಿ ಸಾಕಣೆ ಎಂದರೆ ಸಿಮೆಂಟ್ ನೆಲದ ಇಕ್ಕಟ್ಟಾದ ಗೂಡು, ಇಲ್ಲವೇ ಚರಂಡಿಗೆ ಬಿಟ್ಟ ಹಂದಿ ಎಂಬ ಎರಡೇ ಕಲ್ಪನೆಗಳು ಉಳಿದಿವೆ. ಬೇಲಿ ಹಾಕಿದ ತೋಟದಲ್ಲಿ ಸಾವಯವ ಆಹಾರ ಕೊಟ್ಟು, ಜಾಗ ಬದಲಿಸುತ್ತ ಮೇಯಿಸುವ ಕ್ರಮವೂ ಇದೆ. ಹಂದಿಗೆ ನಮ್ಮಂತೆ ಬೆವರಲು ಬರುವುದಿಲ್ಲವಾದ್ದರಿಂದ ಕರಾವಳಿಯ ಮೇ ತಿಂಗಳ ಸೆಕೆಯಲ್ಲಿ ಅದು ಕೆಸರಿನಲ್ಲಿ ಹೊರಳುವುದು ಮೈ ತಂಪಾಗಿಸಿಕೊಳ್ಳುವುದಕ್ಕೇ ಹೊರತು, ಹಲವರು ಮೂಗು ಮುರಿಯುವಂತೆ ಹೊಲಸಿನ ಮೋಹಕ್ಕಲ್ಲ. ಸಿಮೆಂಟ್ ನೆಲದಲ್ಲಿ ಹುಟ್ಟಿದ ಮರಿಗೆ ಮೊದಲ ವಾರದಲ್ಲೇ ಕಬ್ಬಿಣಾಂಶದ ಚುಚ್ಚುಮದ್ದು ಬೇಕು. ಮೂತಿಯಿಂದ ನೆಲ ಕೆದಕುವ ಮರಿಗೆ ಕಬ್ಬಿಣಾಂಶ ಮಣ್ಣಿನಿಂದಲೂ ಸಿಗುತ್ತದೆ. ಹಂದಿಯನ್ನು ನೋಡಿಕೊಳ್ಳುವ ರೀತಿಗೂ ಮಾಂಸದ ಗುಣಮಟ್ಟಕ್ಕೂ ನಂಟಿದೆ: ವಧೆಗೆ ತುಸು ಮುನ್ನ ಬೆದರಿದ ಹಂದಿಯ ಮಾಂಸ ಬಿಳಿಚಿಕೊಂಡು ನೀರು ಬಿಡುತ್ತದೆ.

ಆದರೆ ಬೇಲಿ ಗಟ್ಟಿಯಾಗಿರಲೇಬೇಕು. ಮನುಷ್ಯರ ಮಲ ತಿನ್ನುವ ಹಂದಿಯಿಂದ ಲಾಡಿಹುಳು ಹರಡುತ್ತದೆ. ಚಿಕಿತ್ಸೆಯೇ ಇಲ್ಲದ ಆಫ್ರಿಕನ್ ಹಂದಿ ಜ್ವರವು ಕಾಡುಹಂದಿಗಳ ಸಂಪರ್ಕದಿಂದಲೂ, ಹೋಟೆಲಿನ ಬೇಯಿಸದ ಮುಸುರೆಯಿಂದಲೂ ತಗಲುತ್ತದೆ. ಕಾಡುಹಂದಿ ಬೇಲಿಯಾಚೆಯಿಂದಲೇ ಮೂತಿ ತಾಗಿಸಬಹುದಾದ್ದರಿಂದ ಕಾಡಂಚಿನ ಈ ಜಿಲ್ಲೆಯಲ್ಲಿ ಒಂಟಿ ಬೇಲಿ ಸಾಲದು; ನಡುವೆ ಜಾಗ ಬಿಟ್ಟ ಎರಡು ಬೇಲಿ ಬೇಕು. ಆದ್ದರಿಂದ ಪಶುಸಂಗೋಪನಾ ಇಲಾಖೆಯು ಗೂಡಿಗೆ ಮಾತ್ರವಲ್ಲದೆ ಜೋಡಿ ಬೇಲಿಗೂ ಸಹಾಯಧನ ನೀಡಿ, ತಾಲ್ಲೂಕು ಮಟ್ಟದಲ್ಲಿ ತರಬೇತಿ ಏರ್ಪಡಿಸಬೇಕೆಂದು ಕೋರುತ್ತೇನೆ.

– ಓದುಗ, ಅಂಕೋಲಾ